ಒಂದು ಅಂಕದ ಪ್ರಶ್ನೆ, 49 ಮೀಟರ್ ಉತ್ತರ

ಬಾದಾಮಿಯಲ್ಲಿ ಹೈಸ್ಕೂಲು ಓದುವಾಗ ಇತಿಹಾಸದ ಪರೀಕ್ಷೆಗೆ ತಪ್ಪದೆ ಬರುತ್ತಿದ್ದ ಪ್ರಶ್ನೆಯೊಂದಿತ್ತು: ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಯಾರು? ಹ್ಯೂಯೆನ್ ತ್ಸಾಂಗ್. ಒಂದು ಅಂಕ. ‘ತ್ಸಾ’ ಬರೆಯಬೇಕಾದಲ್ಲಿ ‘ಸ್ತಾ’ ಬರೆದು ಆ ಒಂದು ಅಂಕವನ್ನೂ ಕಳೆದುಕೊಂಡವನು ನಾನು.

ಅದೇ ಮನುಷ್ಯ ಜಪಾನಿನಲ್ಲಿ ಗೆಂಜೋ ಸಾನ್ಜೋ ಎಂಬ ಹೆಸರಿನಲ್ಲಿ ನನಗಾಗಿ ಕಾಯುತ್ತಿದ್ದಾನೆಂದು ಗೊತ್ತಾದದ್ದು ಒಸಾಕಾದ ಕೆಲಸಕ್ಕೆ ಬಂದ ಮೇಲೆ. ನಾರಾದ ಯಕುಶಿಜಿ ದೇವಾಲಯದಲ್ಲಿ ಅವನ ಹೆಸರಿನದೇ ಒಂದು ಪ್ರಾಂಗಣವಿದೆ. ಅದರೊಳಗೆ ಇಕುವೊ ಹಿರಾಯಾಮಾ ಬರೆದ ಭಿತ್ತಿಚಿತ್ರಗಳಿವೆ. ವರ್ಷದ ಕೆಲವು ತಿಂಗಳು ಮಾತ್ರ ಅವುಗಳ ದರ್ಶನ. ಇದನ್ನು ವಿಚಾರಿಸದೆ ಜುಲೈ ತಿಂಗಳ ಸೆಕೆಯಲ್ಲಿ ಒಮ್ಮೆ ಬಂದು, ಮುಚ್ಚಿದ ಬಾಗಿಲು ನೋಡಿಕೊಂಡು ಹೋಗಿದ್ದೆ. ಈ ಸಲ ನವೆಂಬರ್. ನಂಬಾದಲ್ಲಿ ರೈಲು ಹತ್ತಿ, ಯಮಾತೊ-ಸೈದೈಜಿಯಲ್ಲಿ ಬದಲಿಸಿ, ನಿಶಿನೊಕ್ಯೊದಲ್ಲಿ ಇಳಿದೆ. ಅಲ್ಲಿಂದ ನಾಲ್ಕು ಹೆಜ್ಜೆ.

ಪ್ರಾಂಗಣದ ನಡುವೆ ಎಂಟು ಮೂಲೆಯ ಗುಡಿ. ಅದರಲ್ಲಿ ಯಾತ್ರಿಕನ ತಲೆಬುರುಡೆಯ ಒಂದು ಚೂರನ್ನು ಇಟ್ಟಿದ್ದಾರೆ. ಬಾಗಿಲ ಮೇಲಿನ ಫಲಕದಲ್ಲಿ ಎರಡೇ ಅಕ್ಷರ: ‘ಫುತೊ’. ಪೂರ್ವಕ್ಕಿಲ್ಲ ಎಂದರ್ಥ. ಭಾರತ ಮುಟ್ಟುವ ತನಕ ಮನೆಯ ದಿಕ್ಕಿಗೆ ಒಂದು ಹೆಜ್ಜೆಯನ್ನೂ ಇಡೆನು ಎಂಬ ಅವನ ಹಟ. 629ರಲ್ಲಿ ಹೊರಟವನು ಮರಳಿದ್ದು 645ರಲ್ಲಿ.

ಚಿತ್ರಗಳಿರುವುದು ಗುಡಿಯ ಹಿಂದಿನ ಕಟ್ಟಡದಲ್ಲಿ. ಫೋಟೊ ತೆಗೆಯುವಂತಿಲ್ಲ. ಮೊಬೈಲು ಚೀಲ ಸೇರಿದ ಮೇಲೆ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಹಿಂದೆ ಕಟ್ಟಿಕೊಂಡು, ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ ನಡೆದೆ. ಏಳು ದೃಶ್ಯ, 13 ಫಲಕ, ಒಟ್ಟು 49 ಮೀಟರ್ ಉದ್ದ. ಚೀನಾದ ಚಾಂಗಾನ್ ನಗರದ ಬೆಳಗಿನಲ್ಲಿ ಆರಂಭವಾಗಿ ನಾಲಂದದ ಬೆಳದಿಂಗಳಲ್ಲಿ ಮುಗಿಯುತ್ತದೆ. ಅಷ್ಟು ವರ್ಷಗಳ ದಾರಿಯನ್ನು ಹಿರಾಯಾಮಾ ಒಂದು ದಿನಕ್ಕೆ ಇಳಿಸಿಬಿಟ್ಟಿದ್ದಾರೆ.

ನಡುವೆ ಸುಮೇರು. ಹಿಮ ಹೊತ್ತ ಬಿಳಿ ಬೆಟ್ಟ, ಅದರ ಬೆನ್ನಿಗೆ ನೀಲಿ. ಈ ನೀಲಿ ಕೊಳವೆಯಿಂದ ಹಿಂಡಿದ ಬಣ್ಣವಲ್ಲ. ಕಲ್ಲನ್ನು ಅರೆದು, ಪ್ರಾಣಿಯ ಚರ್ಮದಿಂದ ತೆಗೆದ ಸರೇಸಿನಲ್ಲಿ ಕಲಸಿ ಹಚ್ಚುವುದು ಜಪಾನಿನ ಪದ್ಧತಿ. ಒಂದೇ ಕಲ್ಲು, ತರಿತರಿಯಾಗಿ ಅರೆದರೆ ಗಾಢ, ನುಣ್ಣಗೆ ಅರೆದರೆ ತಿಳಿ. ಎದುರಿಗೆ ನಿಂತಾಗ ಬರೀ ನೀಲಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದೆ: ಉಪ್ಪಿನ ಹರಳಿನಂತೆ ಕಣಗಳು ಮಿನುಗಿದವು. ಮತ್ತೆ ಎದುರಿಗೆ ಬಂದೆ, ಇಲ್ಲ. ಮತ್ತೆ ಪಕ್ಕಕ್ಕೆ, ಇವೆ. ಹೀಗೆ ನಾಲ್ಕೈದು ಸಲ ಅತ್ತಿತ್ತ ಆಡಿದ್ದನ್ನು ಅಲ್ಲಿ ಮೇಲ್ವಿಚಾರಣೆಗಿದ್ದ ವಯಸ್ಸಾದ ಹೆಂಗಸೊಬ್ಬರು ನೋಡುತ್ತಿದ್ದರು.

ಹಿರಾಯಾಮಾ ಹಿರೊಶಿಮಾದಲ್ಲಿ ಅಣುಬಾಂಬಿಗೆ ಸಿಕ್ಕಾಗ ಹದಿನೈದರ ಹುಡುಗ. ವಿಕಿರಣದ ಕಾಯಿಲೆ ಬೆನ್ನು ಬಿಡಲಿಲ್ಲ. ಇನ್ನೆಷ್ಟು ದಿನವೋ ಎಂಬ ಅಂಜಿಕೆಯಲ್ಲಿದ್ದಾಗಲೇ, 1959ರಲ್ಲಿ, ಅವರು ಈ ಯಾತ್ರಿಕನನ್ನು ಮೊದಲ ಸಲ ಚಿತ್ರಿಸಿದ್ದು. ಆಮೇಲೆ ಅವನ ದಾರಿಯನ್ನೇ ಹಿಡಿದು ಮರುಭೂಮಿ, ಬೆಟ್ಟ ಸುತ್ತಿದರು. ಈ ಗೋಡೆಗಳ ಕೆಲಸ ಮುಗಿದದ್ದು 2000ದ ಡಿಸೆಂಬರ್ 31ರಂದು. ಅಫ್ಘಾನಿಸ್ತಾನದ ಬಾಮಿಯಾನ್ ದೃಶ್ಯದ ಮುಂದೆ ಆ ತಾರೀಖು ನೆನಪಾಗಿ ಹೊಟ್ಟೆ ತಣ್ಣಗಾಯಿತು. ಬಣ್ಣ ಒಣಗಿ ಮೂರು ತಿಂಗಳೂ ಆಗಿರಲಿಲ್ಲ, 2001ರ ಮಾರ್ಚಿನಲ್ಲಿ ಅಲ್ಲಿನ ಬುದ್ಧರನ್ನು ತಾಲಿಬಾನಿಗಳು ಸಿಡಿಸಿದರು.

ನಾನು ಬಂದದ್ದು ಮಾತ್ರ ಆರನೆಯ ದೃಶ್ಯಕ್ಕಾಗಿ. ಅದರ ಹೆಸರು ‘ದಖ್ಖನ್ ಪ್ರಸ್ಥಭೂಮಿಯ ಸಂಜೆ’. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅದರಲ್ಲಿ ನಮ್ಮೂರನ್ನು ಹುಡುಕಿದೆ. ಅಗಸ್ತ್ಯತೀರ್ಥವಿಲ್ಲ, ಭೂತನಾಥನ ಗುಡಿಯಿಲ್ಲ. ಇರಬೇಕೆಂದೂ ಇಲ್ಲ, ಬಿಡಿ. ಯಾತ್ರಿಕ ಪುಲಿಕೇಶಿಯನ್ನು ಕಂಡದ್ದು ಬಾದಾಮಿಯಲ್ಲೋ ನಾಸಿಕದಲ್ಲೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ನಮ್ಮೂರಿನಲ್ಲಿ ಆ ಜಗಳವೇ ಇಲ್ಲ. ಅವನು ಬಂದು ಹೋದ ಮರುವರ್ಷವೇ, 642ರಲ್ಲಿ, ಪಲ್ಲವರು ಬಾದಾಮಿಗೆ ನುಗ್ಗಿದರು. ಚಾಲುಕ್ಯರ ಸಂಜೆಯನ್ನು ನೋಡಿಹೋದವನು ಅವನು. ನಮ್ಮ ನಾಡಿನವರ ಬಗ್ಗೆ ಅವನು ಬರೆದಿಟ್ಟದ್ದು ನನಗೆ ಬಾಯಿಪಾಠ: ಅಭಿಮಾನಿಗಳು, ಉಪಕಾರ ಮರೆಯದವರು, ಸೇಡು ತೀರಿಸಿಕೊಳ್ಳುವ ಮುನ್ನ ಎದುರಾಳಿಗೆ ಎಚ್ಚರಿಕೆ ಕೊಡುವವರು.

ಬಹಳ ಹೊತ್ತು ಅಲ್ಲಿಯೇ ನಿಂತದ್ದಕ್ಕೋ ಏನೋ, ಆ ಹಿರಿಯರು ಹತ್ತಿರ ಬಂದು ಯಾವ ದೇಶ ಎಂದು ಕೇಳಿದರು. ಭಾರತ ಎಂದೆ. ಆಮೇಲೆ ಚಿತ್ರದ ಕಡೆ ಕೈ ತೋರಿಸಿ, ಇದೇ ನನ್ನ ಊರಿನ ಸೀಮೆ ಎಂದೆ. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಸಂಜೆ ಅಲ್ಲಿ ನಿಜವಾಗಿ ಹೀಗೆಯೇ ಇರುತ್ತದೆಯೇ?

ಎಮ್ಮೆ ದನ ಮನೆಗೆ ಮರಳುವ ಹೊತ್ತಿನಲ್ಲಿ ಊರ ಮುಂದೆ ಏಳುವ ಕೆಂಪು ಮಣ್ಣನ್ನು ವಿವರಿಸುವಷ್ಟು ಜಪಾನಿ ನನಗೆ ಬಾರದು. ಗೊತ್ತಿದ್ದ ಒಂದು ಪದ ಹಿಡಿದು, ಅಲ್ಲಿ ‘ಹೊಕೊರಿ’ ಬಹಳ ಎಂದೆ. ಧೂಳು ಬಹಳ ಎಂದು ನನ್ನ ಮಾತು. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಗಂಭೀರವಾಗಿ ತಲೆದೂಗಿ, ನಡು ಬಾಗಿಸಿ ವಂದಿಸಿದರು. ಧೂಳಿಗೇಕೆ ಇಷ್ಟು ಮರ್ಯಾದೆ ಎಂದು ಅರ್ಥವಾಗದೆ ನಾನೂ ಬಾಗಿದೆ.

ಮರಳುವ ರೈಲಿನಲ್ಲಿ ಮೊಬೈಲಿನ ನಿಘಂಟು ತೆರೆದೆ. ಹೊಕೊರಿ: ಧೂಳು. ಕೆಳಗೆ, ಬೇರೆ ಅಕ್ಷರದಲ್ಲಿ, ಅದೇ ಉಚ್ಚಾರದ ಇನ್ನೊಂದು ಪದ: ಅಭಿಮಾನ.