ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಕಾಫಿ

ನಿನ್ನೆ ಡಲ್ಲಾಸಿನಲ್ಲಿ ಪಕ್ಕದ ಮನೆಯ ತಾತನ ಜೊತೆ ಕಾಫಿಗೆ ಹೋಗಿದ್ದೆ. ಅಂಗಡಿ ಬಾಗಿಲಲ್ಲಿ ಅವರು ಥಟ್ಟನೆ ನಿಂತರು. ‘30.06’ ಅಂತ ಬೋರ್ಡು. ನಾನು ಏನೋ ಆಫರ್ ಅಂದುಕೊಂಡೆ! ಟೆಕ್ಸಾಸ್ ಕಾನೂನಿನ ಕಲಮಂತೆ ಅದು. ಲೈಸೆನ್ಸ್ ಇದ್ದವರೂ ಬಚ್ಚಿಟ್ಟ ಪಿಸ್ತೂಲನ್ನು ಒಳಗೆ ತರುವ ಹಾಗಿಲ್ಲ. ನಾಲ್ಕು ವರ್ಷದ ಪರಿಚಯ, ಅವರ ಸೊಂಟದಲ್ಲಿ ಗ್ಲಾಕ್ ಪಿಸ್ತೂಲು ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಬೇರೆ ಅಂಗಡಿಯಲ್ಲಿ ಕೂತು ಕೇಳಿದೆ. 2021ರ ಸೆಪ್ಟೆಂಬರಿನಿಂದ ಇಲ್ಲಿ 21 ದಾಟಿದ ಹೆಚ್ಚಿನವರಿಗೆ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡೋಕೆ ಲೈಸೆನ್ಸೇ ಬೇಕಿಲ್ಲ. ಆದರೂ ಇವರು ತರಗತಿಗೆ ಹೋಗಿ ಲೈಸೆನ್ಸ್ ಪಡೆದಿದ್ದಾರೆ. ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್, ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬೇಕೇ ಬೇಕು, ಸುಮ್ನೆ ಜೇಬಿಗೆ ತುರುಕಬಾರದು ಅಂದರು. ಕೈಜಾರಿದರೆ ಹಿಡಿಯೋಕೆ ಹೋಗಲೇಬಾರದಂತೆ, ಬೀಳಲಿ ಅಂತ ಬಿಡಬೇಕು. ಗಾಬರಿಯಲ್ಲಿ ಬೆರಳು ಸೇರುವುದು ಕುದುರೆಗೇ ಅಲ್ವಾ! ಟಾಯ್ಲೆಟ್ಟಿನಲ್ಲಿ ತೆಗೆದು ಪಕ್ಕಕ್ಕಿಟ್ಟು ಮರೆತು ಬರುವವರೂ ಇದ್ದಾರಂತೆ. ನಾನು ಛತ್ರಿ ಮರೆಯುವ ಹಾಗೆ.

ಮನೆಯಲ್ಲಿ ಮೊಮ್ಮಕ್ಕಳು. ಹಾಗಾಗಿ ರಾತ್ರಿ ಅದು ಬೀಗದ ಪೆಟ್ಟಿಗೆಯೊಳಗೆ.

“ಇದು ಸೊಂಟಕ್ಕೆ ಬಂದ ಮೇಲೆ ರಸ್ತೆಯಲ್ಲಿ ಯಾರು ಬೈದರೂ ನಾನೇ ಮೊದಲು ಸಾರಿ ಕೇಳ್ತೀನಿ” ಅಂದರು. ಅದೊಂದು ಮಾತು ಇನ್ನೂ ತಲೆಯಲ್ಲೇ ಇದೆ. ಧೈರ್ಯ ಜಾಸ್ತಿಯಾಗುತ್ತೆ ಅಂತ ನಾನು ತಿಳಿದಿದ್ದೆ.

ಎಚ್-1ಬಿ ಅನ್ನೋ ತಾತ್ಕಾಲಿಕ ಕೆಲಸದ ವೀಸಾದ ನನಗಂತೂ ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವ ಹಾಗೇ ಇಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಆ ತಾತನ ಹತ್ರ ಜಗಳ ಆಡಬೇಡ ಕಣೋ” ಅಂದಳು.