ಕಿವಿ ಮುಚ್ಚಿಕೊಂಡ ಹುಡುಗ

ನಿನ್ನೆ ರಾತ್ರಿ ವಿಜಯಪುರದ ಮನೆಯಲ್ಲಿ ಅವ್ವನ ಜೊತೆ ಶೇಂಗಾ ಸುಲಿಯುತ್ತಾ ಟಿ.ವಿ.ಯಲ್ಲಿ ಹಳೆಯ ಪೌರಾಣಿಕ ಚಿತ್ರವೊಂದನ್ನು ನೋಡುತ್ತಿದ್ದೆ. ರಾಣಿ ತೋಳೆತ್ತಿ ಶಾಪ ಕೊಡುವ ಹೊತ್ತಿಗೆ ಸರಿಯಾಗಿ ಅವ್ವ, "ದ್ವಾಪರದಲ್ಲಿಯೇ ಸಿಡುಬಿನ ಲಸಿಕೆ ಹಾಕಿಸಿಕೊಂಡಿದ್ದಾಳೆ ನೋಡು" ಎಂದಳು. ಹೌದು, ತೋಳಬಂದಿಯ ಕೆಳಗೆ ದುಂಡನೆಯ ಎರಡು ಕಲೆ! ಆಮೇಲೆ ಶಾಪದ ಕಡೆ ಯಾರ ಗಮನ?

ಇಂಥ ಎಡವಟ್ಟು ದೊಡ್ಡ ನಿರ್ದೇಶಕರಿಗೂ ತಪ್ಪಿದ್ದಲ್ಲ. ಹಿಚ್‌ಕಾಕ್ ನಿರ್ದೇಶನದ 'ನಾರ್ತ್ ಬೈ ನಾರ್ತ್‌ವೆಸ್ಟ್' (1959) ಚಿತ್ರದಲ್ಲಿ ನಾಯಕಿ ಉಪಾಹಾರ ಗೃಹದಲ್ಲಿ ಪಿಸ್ತೂಲು ಹಾರಿಸುತ್ತಾಳೆ. ಹಿಂದಿನ ಮೇಜಿನಲ್ಲಿ ಕುಳಿತ ಪುಟ್ಟ ಹುಡುಗ ಗುಂಡು ಹಾರುವ ಮೊದಲೇ ಎರಡೂ ಕಿವಿಗೆ ಬೆರಳಿಟ್ಟುಕೊಂಡುಬಿಟ್ಟಿದ್ದಾನೆ. ಅದೇ ದೃಶ್ಯವನ್ನು ಮೊದಲು ಚಿತ್ರೀಕರಿಸಿದ ಟೇಕ್‌ಗಳಲ್ಲಿ ಬೆಚ್ಚಿಬಿದ್ದಿರಬೇಕು, ಪಾಪ. 2019ರಲ್ಲಿ, ರಾಜರಾಣಿಯರ ಹಳೆಯ ಕಾಲದಂಥ ಲೋಕದ ಕಥೆಯಾದ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಔತಣದ ಮೇಜಿನ ಮೇಲೆ ಕಾಫಿ ಕಪ್ಪು ಉಳಿದಿತ್ತು. ಒಂದೆರಡು ದಿನದಲ್ಲೇ ಕಂಪ್ಯೂಟರಿನಲ್ಲಿ ಅಳಿಸಿಹಾಕಿದರು. ನನಗೇನೋ ಅದು ಇದ್ದರೇ ಚೆನ್ನಾಗಿತ್ತು.

ಇಂಥವು ಉಳಿದುಬಿಡುವುದಕ್ಕೆ ಕಾರಣವಿದೆ: ಒಂದೇ ದೃಶ್ಯವನ್ನು ಹತ್ತಾರು ಸಲ, ಹಿಂದುಮುಂದಾಗಿ ಚಿತ್ರೀಕರಿಸುತ್ತಾರೆ. ಸಂಕಲನಕಾರ ಅಭಿನಯ ನೋಡಿ ಟೇಕ್ ಆರಿಸುತ್ತಾನೆಯೇ ಹೊರತು ಲೋಟದಲ್ಲಿ ಎಷ್ಟು ನೀರಿತ್ತೆಂದು ನೋಡಿ ಅಲ್ಲ. ಹುಡುಗನ ಕಥೆಯನ್ನು ಅವ್ವನಿಗೆ ಹೇಳಿದೆ.

"ಈಗ ಎಷ್ಟು ದೊಡ್ಡವನಾಗಿರಬೇಕು ಅವನು?"

"ಇದ್ದರೆ ಎಪ್ಪತ್ತು ದಾಟಿರುತ್ತದೆ, ನಿನಗಿಂತ ದೊಡ್ಡವನು."

"ಅಯ್ಯೋ, ಇನ್ನೂ ಕಿವಿ ಮುಚ್ಚಿಕೊಂಡೇ ಕುಳಿತಿದ್ದಾನಲ್ಲ" ಎನ್ನುತ್ತಾ ಅವ್ವ ಶೇಂಗಾ ಸಿಪ್ಪೆಯನ್ನು ಮೊರಕ್ಕೆ ಸುರಿದಳು.