ಪರೆಯ್ಗ ಅಂದ್ರೆ ಡ್ಯೂಟಿ, ಆದ್ರೆ ಸುಂಕ ಅಲ್ಲ

2 ನವೆಂಬರ್ 2025, ಭಾನುವಾರ
ವಿಲ್ನಿಯಸ್

ಲಿಥುವೇನಿಯಾದಲ್ಲಿ ಐದು ವರ್ಷ ಇದ್ದವರು ಕಾಯಂ ವಾಸದ ಪರವಾನಗಿ ಕೇಳಬೇಕಾದರೆ ಎರಡು ಪರೀಕ್ಷೆ ಪಾಸಾಗಬೇಕು. ಒಂದು ಭಾಷೆಯದು, ಇನ್ನೊಂದು ಇಲ್ಲಿನ ಸಂವಿಧಾನದ ಮೂಲ ವಿಷಯಗಳದು. ಭಾಷೆಯದನ್ನು ಅಂಗಡಿ, ಡಾಕ್ಟರು, ಬಸ್ಸು, ಮಳೆ, ಚಳಿ ಅಂತ ಹೇಗೋ ದಾಟಿಬಿಡಬಹುದು. ಸಂವಿಧಾನದಲ್ಲಿ ಹಾಗಲ್ಲ. ಅಲ್ಲಿ ಬರೋದೆಲ್ಲ ಹಕ್ಕು, ಕರ್ತವ್ಯ, ಹೊಣೆ ಇಂಥವೇ. ಅದಕ್ಕೆ ಅಂತ ನಮ್ಮ ಟೀಚರ್ ಒಂದು ಪಟ್ಟಿ ಕೊಟ್ಟಿದ್ದಾರೆ. ಎಡಗಡೆ ಇಂಗ್ಲಿಷ್, ಬಲಗಡೆ ಲಿಥುವೇನಿಯನ್. ನಾನು ಪೆನ್ಸಿಲಿನಲ್ಲಿ ಇನ್ನೊಂದು ಗೆರೆ ಎಳೆದು ಕನ್ನಡಕ್ಕೂ ಒಂದಿಷ್ಟು ಜಾಗ ಮಾಡಿಕೊಂಡೆ. ಎರಡು ದಿನ ರಜೆ ಇತ್ತಲ್ಲ, ಅದನ್ನೇ ಹಿಡಿದುಕೊಂಡು ಕೂತಿದ್ದೆ.

ಪಟ್ಟಿಯ ಮೊದಲನೇ ಪದವೇ ಡ್ಯೂಟಿ. ಎದುರಿಗೆ ಪರೆಯ್ಗ ಅಂತ ಇದೆ. ಸರಿ, ಕರ್ತವ್ಯ ಅಂತ ಬರೆದೆ. ಆದರೆ ಇದನ್ನೇ ನಂಬಿಕೊಂಡು ಏರ್‌ಪೋರ್ಟಿನ ಕಸ್ಟಮ್ಸ್‌ನವರ ಹತ್ತಿರ ಹೋಗಿ ಈ ಚಿನ್ನಕ್ಕೆ ಪರೆಯ್ಗ ಎಷ್ಟು ಅಂತ ಕೇಳಿದರೆ ಅವರು ಸುಮ್ನೆ ಮುಖ ನೋಡುತ್ತಾರೆ ಅಷ್ಟೆ. ಆ ಡ್ಯೂಟಿಗೆ ಇಲ್ಲಿ ಮುಯಿತಸ್ ಅಂತಾರೆ, ಅಂದರೆ ನಮ್ಮ ಸುಂಕ. ಇನ್ನು ಆಸ್ಪತ್ರೆಯಲ್ಲಿ ರಾತ್ರಿ ಇರೋ ಡ್ಯೂಟಿ ಡಾಕ್ಟರ್ ಬುದಿಂತಿಸ್. ಎಚ್ಚರವಾಗಿದ್ದು ಕಾಯುವವರು ಅಂತ. ಬುದ್ಧ ಅನ್ನೋದರಲ್ಲಿರುವ ಸಂಸ್ಕೃತದ ಬುಧ್ ಇದೆಯಲ್ಲ, ಅದೂ ಇದೂ ಒಂದೇ ಬೇರಿನವು. ನೈಟ್ ಡ್ಯೂಟಿಯಲ್ಲಿ ಕಣ್ಣು ಉಜ್ಜಿಕೊಂಡು ಕೂತ ಡಾಕ್ಟರಿಗೂ ಬುದ್ಧನಿಗೂ ನಂಟು ಅಂತ ಗೊತ್ತಾದಾಗ ನನಗೆ ಒಂಥರಾ ಖುಷಿ ಆಯ್ತು.

ಇಲ್ಲಿನವರಿಗೆ ನಾವು ಇಂಡಿಯಾದವರು ಅಂತ ಗೊತ್ತಾದ ತಕ್ಷಣ ಸಂಸ್ಕೃತದ ಮಾತು ಎತ್ತುತ್ತಾರೆ. ಸೂನುಸ್ ಅಂದರೆ ಮಗ, ನಿಮ್ಮಲ್ಲೂ ಸೂನು ಅಲ್ವಾ? ಉಗ್ನಿಸ್ ಅಂದರೆ ಬೆಂಕಿ, ನಿಮ್ಮಲ್ಲಿ ಅಗ್ನಿ ಅಲ್ವಾ? ಹೌದು ಹೌದು ಅಂತ ತಲೆ ಆಡಿಸುತ್ತೇನೆ. ಆದರೆ ಪರೆಯ್ಗಕ್ಕೂ ಕರ್ತವ್ಯಕ್ಕೂ ಯಾವ ನಂಟೂ ಇಲ್ಲ, ಅಲ್ಲಿ ಸಂಸ್ಕೃತ ಕೈಕೊಡುತ್ತದೆ.

ಪರೆಯ್ಗವನ್ನೇ ಬಹುವಚನ ಮಾಡಿದರೆ ಪರೆಯ್ಗೊಸ್. ಆಗ ಕರ್ತವ್ಯಗಳು ಅಂತಲೂ ಆಗುತ್ತೆ, ಹುದ್ದೆ ಅಂತಲೂ ಆಗುತ್ತೆ. ಹುದ್ದೆಯಲ್ಲಿ ಇರುವುದಕ್ಕೆ ಇವರು ಏಯ್ತಿ ಪರೆಯ್ಗಸ್ ಅಂತಾರೆ. ಏಯ್ತಿ ಅಂದರೆ ಹೋಗು, ನಡೆ. ನಾವು ಹೊಣೆ ಹೊರುತ್ತೇವೆ, ಅಧಿಕಾರ ವಹಿಸಿಕೊಳ್ಳುತ್ತೇವೆ, ಸಾಲದ್ದಕ್ಕೆ ಪ್ರಭಾರ ಬೇರೆ. ಎಲ್ಲದರಲ್ಲೂ ತೂಕವೇ. ಇವರು ಅದರಲ್ಲಿ ನಡೆದು ಹೋಗುತ್ತಾರೆ. 2025ರ ಆಗಸ್ಟ್‌ನಲ್ಲಿ ಪ್ರಧಾನಿ ಪಲುತ್ಸ್ಕಸ್ ಕೆಳಗಿಳಿದ ಮೇಲೆ ಹಣಕಾಸು ಸಚಿವ ಶಾಜ್ಯೂಸ್ ಸೆಪ್ಟೆಂಬರ್ ತನಕ ಹಂಗಾಮಿಯಾಗಿದ್ದರು. ಅಷ್ಟು ದಿನವೂ ಸುದ್ದಿಯಲ್ಲಿ ಅವರ ಹೆಸರಿನ ಜೊತೆ ಈ ನಡೆಯೋ ಪದವೇ ಇರುತ್ತಿತ್ತು. ಪೊಲೀಸರಿಗೂ ಇದೇ ಮೂಲ, ಪರೆಯ್ಗೂನಸ್. ಒಂದು ಪದ ಕಲಿತರೆ ಮೂರು ಬಂದ ಹಾಗೆ, ಪರೀಕ್ಷೆಗೆ ಓದುವವರಿಗೆ ಇದಕ್ಕಿಂತ ಲಾಭ ಇನ್ನೇನು ಬೇಕು.

ಆಮೇಲೆ ರೆಸ್ಪಾನ್ಸಿಬಿಲಿಟಿ. ಇದಕ್ಕೆ ಅತ್ಸಾಕೊಮೀಬೆ ಅಂತ ಇದೆ. ಉರು ಹೊಡೆಯಲು ಒಂದು ವಾರ ಬೇಕು ಅನ್ನಿಸುವಂಥ ಪದ. ಆದರೆ ಒಳಗೆ ಇಣುಕಿದರೆ ಅತ್ಸಾಕೀತಿ ಇದೆ. ಅಂದರೆ ಉತ್ತರ ಕೊಡು. ಜವಾಬು! ನಮ್ಮ ಜವಾಬ್ದಾರಿಯೂ ಅದೇ ತಾನೆ, ಜವಾಬು ಕೊಡಬೇಕಾದವನು ಜವಾಬ್ದಾರ. ಪಾರಸಿಯಿಂದ ನಮ್ಮ ಕಚೇರಿಗಳಿಗೆ ಬಂದ ಪದ, ಬಾಲ್ಟಿಕ್ ಕಡಲಿನ ಪಕ್ಕದವರ ಪದ, ಎರಡರದ್ದೂ ಒಂದೇ ಯೋಚನೆ. ಕನ್ನಡ ಜಾಗದಲ್ಲಿ ಜವಾಬ್ದಾರಿ ಅಂತ ಬರೆದ ಮೇಲೆ ಈ ಪದ ಮತ್ತೆ ಮರೆತಿಲ್ಲ. ಇಂಗ್ಲಿಷಿನಲ್ಲಿ ಲಯಬಿಲಿಟಿ ಅಂತ ಬೇರೆ ಒಂದಿದೆಯಲ್ಲ, ಅದಕ್ಕೂ ಇಲ್ಲಿ ಇದೇ ಪದ ಸಾಕು. ಕಾರಿನ ಥರ್ಡ್ ಪಾರ್ಟಿ ವಿಮೆಯ ಕಾಗದದಲ್ಲೂ ಅತ್ಸಾಕೊಮೀಬೆ, ಕ್ರಿಮಿನಲ್ ಕೇಸಿನಲ್ಲೂ ಅತ್ಸಾಕೊಮೀಬೆ.

ಆಬ್ಲಿಗೇಷನ್‌ಗೆ ಪ್ರಿಯೆವೊಲೆ. ಇದು ಬಿಸಿ ಪದ. ತೆರಿಗೆಗೂ ಬರುತ್ತೆ, ಆದರೆ ಜನರ ಬಾಯಲ್ಲಿ ಜಾಸ್ತಿ ಬರೋದು ಸೇನೆಯ ವಿಷಯದಲ್ಲಿ. 2008ರಲ್ಲಿ ಇವರು ಕಡ್ಡಾಯ ಸೇನಾ ಸೇವೆ ನಿಲ್ಲಿಸಿದ್ದರು. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ನುಂಗಿದ್ದು ನೋಡಿ 2015ರಲ್ಲಿ ಮತ್ತೆ ತಂದರು, ಒಂಬತ್ತು ತಿಂಗಳು. ಜನವರಿಯಲ್ಲಿ ಕಂಪ್ಯೂಟರ್ ಆರಿಸಿದ ಪಟ್ಟಿ ಹೊರಗೆ ಬರುತ್ತೆ. ನಮ್ಮ ಆಫೀಸಿನಲ್ಲಿ ಒಬ್ಬರ ಮಗನಿಗೆ ಈಗ ಆ ವಯಸ್ಸು. ಅವರು ಈಗಿಂದಲೇ ಜನವರಿ ಮಾತು ಬಂದರೆ ಕಾಫಿ ಲೋಟ ಹಿಡಿದುಕೊಂಡು ಆ ಕಡೆ ಹೋಗಿಬಿಡುತ್ತಾರೆ. ಸಂವಿಧಾನದ 139ನೇ ವಿಧಿಯಲ್ಲಿ ಮಾತ್ರ ಪ್ರಿಯೆವೊಲೆ ಅಂತ ಹಾಕಿಲ್ಲ. ಹೊರಗಿನವರು ದಾಳಿ ಮಾಡಿದಾಗ ದೇಶ ಕಾಪಾಡೋದು ಪ್ರತಿಯೊಬ್ಬ ನಾಗರಿಕನ ಹಕ್ಕು ಮತ್ತು ಪರೆಯ್ಗ ಅಂತಿದೆ. ಹಕ್ಕು ಮೊದಲು.

ಇವರ ಸಂವಿಧಾನ 1992ರ ಅಕ್ಟೋಬರ್ 25ರಂದು ಜನಮತದಲ್ಲಿ ಪಾಸಾದದ್ದು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 38ನೇ ವಿಧಿ. ಮಕ್ಕಳನ್ನು ಒಳ್ಳೆಯ ಮನುಷ್ಯರಾಗಿ, ನಿಷ್ಠೆಯ ಪ್ರಜೆಗಳಾಗಿ ಬೆಳೆಸೋದು, ಪ್ರಾಯಕ್ಕೆ ಬರುವ ತನಕ ಸಾಕೋದು ಅಪ್ಪ ಅಮ್ಮನ ಹಕ್ಕು ಮತ್ತು ಪರೆಯ್ಗ. ಅಷ್ಟಕ್ಕೇ ಬಿಟ್ಟಿಲ್ಲ. ಮಕ್ಕಳಿಗೂ ಹಚ್ಚಿದ್ದಾರೆ. ಅಪ್ಪ ಅಮ್ಮನಿಗೆ ಮರ್ಯಾದೆ ಕೊಡಬೇಕು, ವಯಸ್ಸಾದ ಮೇಲೆ ನೋಡಿಕೊಳ್ಳಬೇಕು, ಅವರು ಬಿಟ್ಟುಹೋದದ್ದನ್ನು ಜೋಪಾನ ಮಾಡಬೇಕು. ಇಲ್ಲಿ ಹಕ್ಕು ಅನ್ನೋ ಪದ ಇಲ್ಲ, ಬರೀ ಪರೆಯ್ಗ.

ಮಾತೃದೇವೋ ಭವ ಅಂತ ಶಾಲೆಯ ಗೋಡೆ ಮೇಲೆ ಬರೆಯೋ ದೇಶದವರು ನಾವು, ನಮ್ಮ ಸಂವಿಧಾನದಲ್ಲಿ ಏನಿದೆ ಅಂತ ತೆಗೆದು ನೋಡಿದೆ. ಮೂಲಭೂತ ಕರ್ತವ್ಯಗಳ 51ಎ ವಿಧಿ ಬಂದದ್ದೇ 1976ರ 42ನೇ ತಿದ್ದುಪಡಿಯಲ್ಲಿ, ಆಗ 10 ಕರ್ತವ್ಯ. 2002ರಲ್ಲಿ ಇನ್ನೊಂದು ಸೇರಿತು, 6ರಿಂದ 14 ವರ್ಷದ ಮಕ್ಕಳಿಗೆ ಹೆತ್ತವರು ಓದಿಸಬೇಕು ಅಂತ. ಧ್ವಜ ಇದೆ, ಕಾಡು, ಕೆರೆ, ನದಿ ಇವೆ, ವೈಜ್ಞಾನಿಕ ಮನೋಭಾವ ಇದೆ. ವಯಸ್ಸಾದ ಅಪ್ಪ ಅಮ್ಮ ಇಲ್ಲ! ಅದಕ್ಕೆ 2007ರಲ್ಲಿ ಬೇರೆ ಕಾಯ್ದೆಯೇ ಮಾಡಬೇಕಾಯ್ತು. ಮಕ್ಕಳು ನೋಡಿಕೊಳ್ಳದಿದ್ದರೆ ಅಸಿಸ್ಟೆಂಟ್ ಕಮಿಷನರ್ ಆಫೀಸಿಗೆ ಅರ್ಜಿ ಹಾಕಬಹುದು, ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಕೊಡಿಸಬಹುದು ಅಂತ ಆ ಕಾಯ್ದೆ ಬರೆದಾಗ ಇಟ್ಟರು. ಸಂವಿಧಾನ ಬರೆಯುವಾಗ ಯಾರಿಗೂ ಇದು ಬರೆಯುವಂಥ ವಿಷಯ ಅಂತಲೇ ಅನ್ನಿಸಿರಲಿಕ್ಕಿಲ್ಲ, ಮಕ್ಕಳು ನೋಡಿಕೊಳ್ಳದೆ ಇನ್ಯಾರು ನೋಡಿಕೊಳ್ಳುತ್ತಾರೆ ಅನ್ನೋ ಧೈರ್ಯ. ಇದು ನನ್ನ ಊಹೆ.

ನಿನ್ನೆ ಓದು ಅರ್ಧಕ್ಕೆ ನಿಂತಿತು. ನವೆಂಬರ್ 1 ಮತ್ತು 2 ಇಲ್ಲಿ ಸತ್ತವರನ್ನು ನೆನೆಯೋ ದಿನಗಳು. ಇವತ್ತಿನದಕ್ಕೆ ವೇಲಿನೆಸ್ ಅಂತ ಹೆಸರು. ನಮ್ಮ ಹಿರಿಯರ ಹಬ್ಬ ಅನ್ನಿ, ಎಡೆ ಒಂದು ಇಲ್ಲ. ಮೇಲಿನ ಮನೆ ಅಜ್ಜಿ ಸೇವಂತಿಗೆ ಕುಂಡಗಳನ್ನು ಹೊತ್ತು ಕರ್ವೇಲಿಶ್ಕೆಸ್ ಸ್ಮಶಾನಕ್ಕೆ ಹೊರಟಿದ್ದರು. ಕಾರಲ್ಲಿ ಬಿಡುತ್ತೇನೆ ಅಂದೆ. ಬೇಡ, ಇವತ್ತು ಬಸ್ಸೇ ವಾಸಿ, ಜಾಸ್ತಿ ಬಸ್ ಬಿಟ್ಟಿದ್ದಾರೆ, ಕುಂಡ ಹಿಡಿದುಕೊಳ್ಳಲು ಬನ್ನಿ ಅಂದರು. ಅವರು ಹೇಳಿದ್ದೇ ಸರಿ. ದಾರಿಯಲ್ಲಿ ಕಾರಿನ ಸಾಲು, ನಡುವೆ ಕೈ ಬೀಸುತ್ತಿದ್ದ ಪರೆಯ್ಗೂನಸ್‌ಗಳು.

ಚೀಲದಲ್ಲಿ ಸಣ್ಣ ಬಕೆಟ್, ಬ್ರಷ್, ಕೈಗವಸು, ಮುಚ್ಚಳ ಇರೋ ಗಾಜಿನ ದೀಪಗಳು. ಗಂಡನ ಸಮಾಧಿಯ ಕಲ್ಲನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರು. ಕೆತ್ತಿದ ಅಕ್ಷರದ ಸಂದಿಯ ಪಾಚಿಯನ್ನು ಬ್ರಷ್ಷಿನ ಹಿಂದಿನ ತುದಿಯಿಂದ ಕೆರೆದರು. ಎಲೆಯೆಲ್ಲ ಗುಡಿಸಿ, ಕುಂಡ ಇಟ್ಟು, ದೀಪ ಹಚ್ಚಿದರು. ಆಮೇಲೆ ಎರಡು ಸಾಲು ಆಚೆ ಎಲೆಯಲ್ಲಿ ಮುಚ್ಚಿಹೋಗಿದ್ದ ಒಂದು ಸಮಾಧಿಗೂ ಒಂದು ದೀಪ ಇಟ್ಟರು. ಯಾರು ಇವರು ಅಂತ ಕೇಳಿದೆ. ನೆಜಿನಾವ್ ಅಂದರು, ಗೊತ್ತಿಲ್ಲ. ಮತ್ತೆ ಯಾಕೆ ಅಂದರೆ ಒಂದೇ ಮಾತು, ರೇಯ್ಕ್ಯ.

ರೇಯ್ಕ್ಯ ಅಂದರೆ ಬೇಕು. ಟೀಚರ್ ಪಟ್ಟಿಯಲ್ಲಿ ಇದು ಇಲ್ಲ. ಪ್ರಿವಾಲೊ ಇದೆ, ಅದು ಕಾನೂನಿನ ಬೇಕು, ಫಲಕದಲ್ಲಿ ಬರೆಯೋ ಬೇಕು. ರೇಯ್ಕ್ಯ ಮನೆಯದು. ಇದರ ರೀತಿಯೂ ನಮ್ಮದೇ. ಮನ್ ರೇಯ್ಕ್ಯ ಅಂದರೆ ನನಗೆ ಬೇಕು. ಅಲ್ಲೂ ಚತುರ್ಥಿ ವಿಭಕ್ತಿ, ಯಾರಿಗೆ ಬೇಕಾದರೂ ಕ್ರಿಯಾಪದ ಬದಲಾಗಲ್ಲ. ಇಂಗ್ಲಿಷ್ ಮೂಲಕ ಹೋದರೆ ಮಾತ್ರ ನಡುವೆ ಒಬ್ಬ ನಾನು ಬಂದು ನಿಲ್ಲುತ್ತಾನೆ. ಕನ್ನಡ ಬಲ್ಲವರು ಈ ಭಾಷೆ ಕಲಿಯುವುದಾದರೆ ನನ್ನ ಸಲಹೆ ಇಷ್ಟೇ: ಇಂಗ್ಲಿಷನ್ನು ಆದಷ್ಟು ಬೇಗ ನಡುವಿನಿಂದ ಎತ್ತಿಬಿಡಿ.

ಇವತ್ತು ಮಧ್ಯಾಹ್ನ ಒಬ್ಬನೇ ರಾಸೊಸ್ ಸ್ಮಶಾನಕ್ಕೆ ಹೋಗಿದ್ದೆ. 1918ರಲ್ಲಿ ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕಿದ ಬಸಾನಾವಿಚ್ಯುಸ್ ಸಮಾಧಿ ಅಲ್ಲೇ ಇರೋದು. ಪೋಲೆಂಡಿನ ನಾಯಕ ಪಿಲ್ಸುದ್ಸ್ಕಿಯ ಹೃದಯವೂ ಅಲ್ಲೇ ಇದೆ, ಅವನ ಅಮ್ಮನ ಜೊತೆ. ದೇಹ ಕ್ರಾಕೋವ್‌ನಲ್ಲಿ. ಅಮ್ಮನ ಅಸ್ಥಿಯನ್ನು ಬೇರೆ ಕಡೆಯಿಂದ ತಂದು 1936ರಲ್ಲಿ ಎರಡನ್ನೂ ಒಟ್ಟಿಗೆ ಇಟ್ಟರು. ಕಲ್ಲಿನ ಮೇಲೆ ಅವನ ಹೆಸರಿಲ್ಲ, ತಾಯಿ ಮತ್ತು ಮಗನ ಹೃದಯ ಅಂತ ಅಷ್ಟೇ. ವಿಲ್ನಿಯಸ್ ಪೋಲೆಂಡಿನ ಪಾಲಾಗುವ ಹಾಗೆ ಮಾಡಿದವನು ಅಂತ ಲಿಥುವೇನಿಯನ್ನರಿಗೆ ಅವನ ಮೇಲೆ ಇನ್ನೂ ಕೋಪ ಇದೆ. ಆದರೂ ಆ ಕಲ್ಲಿನ ಸುತ್ತ ಕಾಲಿಡಲು ಜಾಗ ಇಲ್ಲದಷ್ಟು ದೀಪ.

ಮನೆಗೆ ಬಂದು 38ನೇ ವಿಧಿಯನ್ನು ಕನ್ನಡಕ್ಕೆ ಮಾಡಿ ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ತೀರ್ಥಹಳ್ಳಿಯಲ್ಲಿ ಅಮ್ಮನನ್ನು ನೋಡಿಕೊಳ್ಳುತ್ತಿರೋದು ಅವನು ಅತ್ತಿಗೆ ಇಬ್ಬರೇ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. "ಬಿಟ್ಟುಹೋದದ್ದನ್ನು ಜೋಪಾನ ಮಾಡಬೇಕು ಅಂತ ಇದೆಯಲ್ಲ, ಹಳೇ ಮನೆ ಹಿಂದಿನ ಮಾಡು ಈ ಮಳೆಗಾಲದಲ್ಲಿ ಕೂತಿದೆ. ಪಕಾಸು, ಹಂಚು, ಆಳು ಎಲ್ಲ ಸೇರಿ ಎಷ್ಟಾಗುತ್ತೆ ಅಂತ ನಾಳೆ ಕೇಳಿ ಹೇಳ್ತೀನಿ. ಅರ್ಧ ನಿಂದು."